ಮೀಸೆ ಮಣ್ಣಾಗಲಿಲ್ಲ ಎನ್ನುವ ಮನಸ್ಸು

ಸಕ್ಕರೆ ಕಾಯಿಲೆ ಇರುವವರು ರಕ್ತಪರೀಕ್ಷೆಯ ವರದಿ ಹಿಡಿದು ವೈದ್ಯರ ಎದುರು ಕುಳಿತಾಗ, ವರದಿಯನ್ನು ಮೇಜಿನ ಮೇಲಿಡುವ ಮೊದಲೇ ಒಂದು ಮಾತು ಬರುತ್ತದೆ. 'ಈ ಸಲ ಸ್ವಲ್ಪ ಜಾಸ್ತಿ ಬಂದಿದೆ ಡಾಕ್ಟ್ರೇ, ಮನೆಯಲ್ಲಿ ಮದುವೆ ಇತ್ತು ನೋಡಿ.' ಮೂರು ತಿಂಗಳ ನಂತರ ಮದುವೆ ಇರುವುದಿಲ್ಲ, ಮಾವಿನಹಣ್ಣಿನ ಕಾಲ ಇರುತ್ತದೆ. ಆಮೇಲೆ ಗೌರಿ-ಗಣೇಶ, ದಸರೆ, ದೀಪಾವಳಿ. ಅಷ್ಟರಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ, ಅದರ ಬೆನ್ನಿಗೇ ಯುಗಾದಿಯ ಹೋಳಿಗೆ. ಸಕ್ಕರೆ ಹತೋಟಿಯಲ್ಲಿರಲು ಪ್ರಶಸ್ತವಾದ ಒಂದು ತಿಂಗಳೂ ನಮ್ಮ ಪಂಚಾಂಗದಲ್ಲಿ ಇಲ್ಲವೇನೋ ಎಂದು ವೈದ್ಯರಿಗೇ ಅನುಮಾನ ಬರಬೇಕು.

ಇನ್ನು ಕೆಲವರು ಇದಕ್ಕಿಂತ ಜಾಣರು. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ, ಅನ್ನ, ಆಲೂಗಡ್ಡೆ ಎಲ್ಲವನ್ನೂ ಬಿಟ್ಟು, ಬೆಳಿಗ್ಗೆ ಎರಡು ಸುತ್ತು ಹೆಚ್ಚಾಗಿಯೇ ನಡೆದು ರಕ್ತ ಕೊಡುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಬರುತ್ತದೆ. ಆದರೆ ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆ ಉಂಟು. ರಕ್ತದ ಕೆಂಪುಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅವುಗಳಿಗೆ ಅಂಟಿಕೊಳ್ಳುತ್ತಾ ಹೋಗುವುದರಿಂದ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಲೆಕ್ಕ ಅದರಲ್ಲಿ ಸಿಕ್ಕಿಬಿಡುತ್ತದೆ. ಎರಡು ದಿನದ ಉಪವಾಸಕ್ಕೆ ಅದು ಬಗ್ಗುವುದಿಲ್ಲ. ಆ ವರದಿ ನೋಡಿದಾಗ ರೋಗಿಯ ಮುಖದಲ್ಲಿ ಕಾಣುವುದು ಸಿಕ್ಕಿಬಿದ್ದ ಕಳ್ಳನ ಭಾವವಲ್ಲ, ನಿಜವಾದ ಆಶ್ಚರ್ಯ. 'ನಾನು ಅಷ್ಟು ಪಥ್ಯ ಮಾಡಿದ್ದೇನಲ್ಲ!' ಎಂದು ಅವರು ಹೇಳುವಾಗ ಅದನ್ನು ಮನಃಪೂರ್ವಕವಾಗಿಯೇ ನಂಬಿರುತ್ತಾರೆ.

ಇಂದಿನ ಲೇಖನದ ವಿಷಯ ಇದೇ. ಇಂಥ ಮಾತನ್ನು ಸುಳ್ಳು ಎಂದು ಕರೆಯುವುದು ತಪ್ಪು. ಸುಳ್ಳು ಹೇಳುವವನಿಗೆ ನಿಜ ಏನೆಂದು ಗೊತ್ತಿರುತ್ತದೆ, ಅದನ್ನು ಎದುರಿನವರಿಂದ ಮುಚ್ಚಿಡುತ್ತಾನೆ. ಸಮಜಾಯಿಷಿ ಹೇಳಿಕೊಳ್ಳುವವನು ಮೊದಲು ಒಪ್ಪಿಸುವುದು ತನ್ನನ್ನೇ. ನಾವು ಕೇಳುವ ಹೊತ್ತಿಗೆ ಆ ಮಾತು ಅವನ ಮನಸ್ಸಿನಲ್ಲಿ ಹಲವು ಸಲ ಹೊರಳಿ ನುಣುಪಾಗಿರುತ್ತದೆ. 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂದು ನಮ್ಮ ಹಿರಿಯರು ನಗೆಯಾಡಿದ್ದು ಇದನ್ನೇ. ಮೀಸೆ ಎಂದರೆ ಇಲ್ಲಿ ಆತ್ಮಗೌರವ. ಅದು ಮಣ್ಣಾಗದಂತೆ ನೋಡಿಕೊಳ್ಳಲು ಮನಸ್ಸು ಎಷ್ಟು ದೂರ ಬೇಕಾದರೂ ಹೋಗುತ್ತದೆ.

ಮನೋವೈದ್ಯಶಾಸ್ತ್ರದಲ್ಲಿ ಇದಕ್ಕೆ ರ್ಯಾಷನಲೈಸೇಷನ್ ಎಂಬ ಹೆಸರಿದೆ. ಫ್ರಾಯ್ಡ್‌ನ ನಿಕಟವರ್ತಿಯಾಗಿದ್ದ ಅರ್ನೆಸ್ಟ್ ಜೋನ್ಸ್ ಎಂಬ ವೈದ್ಯ 1908ರಲ್ಲಿ ಈ ಅರ್ಥದಲ್ಲಿ ಆ ಪದವನ್ನು ಬಳಕೆಗೆ ತಂದ. ಮಾಡಿದ ಕೆಲಸ ಒಂದು ಕಾರಣಕ್ಕೆ, ಆಮೇಲೆ ಕೊಡುವ ಕಾರಣ ಇನ್ನೊಂದು. ಆ ಎರಡನೆಯದು ಹೇಳುವವನಿಗೂ ಕೇಳುವವನಿಗೂ ಮರ್ಯಾದೆಯದಾಗಿ ಕಾಣುವಂಥದು.

ಬಿಹಾರದ ಭೂಕಂಪ ಮತ್ತು ಒಂದು ಸಿದ್ಧಾಂತ

ಈ ವಿಷಯವನ್ನು ಎಲ್ಲರೂ ಗಮನಿಸುವಂತೆ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್. 1957ರಲ್ಲಿ ಅವರು ಮಂಡಿಸಿದ ಸಿದ್ಧಾಂತಕ್ಕೆ ಕಾಗ್ನಿಟಿವ್ ಡಿಸೊನೆನ್ಸ್ ಎಂದು ಹೆಸರು. ಮನಸ್ಸಿನ ಇಬ್ಬಂದಿತನ ಎನ್ನೋಣ. ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಏಕಕಾಲಕ್ಕೆ ಮನಸ್ಸಿನಲ್ಲಿದ್ದರೆ ಹಸಿವು, ಬಾಯಾರಿಕೆಗಳ ಹಾಗೆ ಒಂದು ಬಗೆಯ ಸಂಕಟವಾಗುತ್ತದೆ, ಅದನ್ನು ಹೇಗಾದರೂ ಕಳೆದುಕೊಳ್ಳದೆ ಮನುಷ್ಯನಿಗೆ ನೆಮ್ಮದಿಯಿಲ್ಲ ಎಂಬುದು ಅದರ ಸಾರ.

ಈ ಯೋಚನೆಗೆ ಅವರಿಗೆ ಎಳೆ ಸಿಕ್ಕಿದ್ದು ನಮ್ಮ ದೇಶದಿಂದಲೇ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ನಡುಕದ ಅನುಭವವಾದರೂ ಮನೆ-ಮಠ ಕುಸಿಯದಿದ್ದ ಊರುಗಳಲ್ಲಿ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಭಾರತೀಯ ಮನಶ್ಶಾಸ್ತ್ರಜ್ಞರು ಸಂಗ್ರಹಿಸಿ ಮರುವರ್ಷ ಪ್ರಕಟಿಸಿದ್ದರು. ವದಂತಿಗಳೆಲ್ಲ ಸಮಾಧಾನ ಹೇಳುವಂಥವಲ್ಲ. ಇನ್ನೂ ದೊಡ್ಡ ಅನಾಹುತ ಬರಲಿದೆ ಎನ್ನುವಂಥವು. ಏನೂ ಹಾನಿಯಾಗದವರು ಮತ್ತಷ್ಟು ಭಯದ ಸುದ್ದಿಯನ್ನು ಏಕೆ ನಂಬಬೇಕು? ಫೆಸ್ಟಿಂಗರ್ ಕೊಟ್ಟ ಉತ್ತರ ಸರಳವಾಗಿತ್ತು. ಆ ಜನ ಆಗಲೇ ಹೆದರಿದ್ದರು, ಆದರೆ ಸುತ್ತಮುತ್ತ ನೋಡಿದರೆ ಹೆದರುವಂಥದ್ದೇನೂ ಕಾಣುತ್ತಿರಲಿಲ್ಲ. ವದಂತಿ ಅವರಲ್ಲಿ ಭಯ ಹುಟ್ಟಿಸಲಿಲ್ಲ, ಇದ್ದ ಭಯಕ್ಕೆ ಒಂದು ಕಾರಣ ಒದಗಿಸಿಕೊಟ್ಟಿತು.

ತಮ್ಮ ಪುಸ್ತಕದ ಆರಂಭದಲ್ಲೇ ಫೆಸ್ಟಿಂಗರ್ ಧೂಮಪಾನಿಯ ಉದಾಹರಣೆ ಕೊಟ್ಟಿದ್ದಾರೆ. 'ನಾನು ಸಿಗರೇಟು ಸೇದುತ್ತೇನೆ' ಎಂಬುದು ಒಂದು ಸಂಗತಿ, 'ಸಿಗರೇಟು ಆರೋಗ್ಯಕ್ಕೆ ಕೇಡು' ಎಂಬುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು 'ನಾನು ತಿಳಿವಳಿಕೆಯುಳ್ಳವನು' ಎಂದು ಹೇಳಿಕೊಳ್ಳುವುದು ಕಷ್ಟ. ಹಾಗಾಗಿ ಒಂದೋ ಸಿಗರೇಟು ಬಿಡಬೇಕು, ಇಲ್ಲವೇ ತಿಳಿವಳಿಕೆಯನ್ನೇ ತಿದ್ದಬೇಕು. ಸಿಗರೇಟಿಗಿಂತ ತಿಳಿವಳಿಕೆಯನ್ನು ತಿದ್ದುವುದು ಬಲು ಸುಲಭ. ಅಂದಹಾಗೆ ಫೆಸ್ಟಿಂಗರ್ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದರು. ಮನಸ್ಸಿನ ಈ ಆಟವನ್ನು ಅರಿತವರೂ ಅದರಿಂದ ಪಾರಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಿಳಿವಳಿಕೆಯನ್ನು ತಿದ್ದುವ ಬಗೆಗಳು ನಮ್ಮ ಊರುಗಳಲ್ಲೂ ಸಾಕಷ್ಟಿವೆ. 'ನಮ್ಮಜ್ಜ ತೊಂಬತ್ತು ವರ್ಷದವರೆಗೂ ಬೀಡಿ ಸೇದಿದರು, ಅವರಿಗೇನಾಯಿತು?' ಎಂಬುದು ಎಲ್ಲಕ್ಕಿಂತ ಪ್ರಸಿದ್ಧ. ಬೀಡಿ ಸೇದಿ ಐವತ್ತಕ್ಕೇ ಹೋದ ಅಜ್ಜಂದಿರನ್ನು ಮೊಮ್ಮಕ್ಕಳು ನೋಡಿಯೇ ಇರುವುದಿಲ್ಲವಾದ್ದರಿಂದ ಅವರ ಮಾತು ಬರುವುದಿಲ್ಲ. 'ನಾನು ದಿನಕ್ಕೆ ಒಂದೇ' ಎಂಬುದು ಇನ್ನೊಂದು. ಶ್ವಾಸಕೋಶದ ಮಟ್ಟಿಗೆ ಕಡಿಮೆ ಸೇದಿದರೆ ಅಪಾಯ ಕಡಿಮೆ ಎನ್ನುವುದರಲ್ಲಿ ಹುರುಳಿದೆ. ಹೃದಯದ ವಿಷಯ ಹಾಗಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಸೇದುವವರಿಗೂ ಹೆಚ್ಚುತ್ತದೆ. ಮೂರನೆಯದು, 'ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ?' ಇದಕ್ಕೆ ಲೆಕ್ಕದ ಉತ್ತರವೇ ಇದೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಕಾಲ ಗಮನಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರವತ್ತನೆಯ ವಯಸ್ಸಿಗೆ ಬಿಟ್ಟವರಿಗೆ ಸುಮಾರು 3 ವರ್ಷ, ಐವತ್ತಕ್ಕೆ ಬಿಟ್ಟವರಿಗೆ 6, ನಲವತ್ತಕ್ಕೆ ಬಿಟ್ಟವರಿಗೆ 9 ವರ್ಷ ಆಯುಷ್ಯ ಉಳಿದದ್ದು ಕಂಡುಬಂದಿತು.

ಇಬ್ಬರು ಪಂಡಿತರು

ಸಮಜಾಯಿಷಿ ಎಂಬುದು ಓದುಬರಹ ಬಾರದವರ ದೌರ್ಬಲ್ಯ ಎಂದು ಯಾರೂ ತಿಳಿಯಬಾರದು. ಬುದ್ಧಿ ಹೆಚ್ಚಿದಷ್ಟೂ ಸಮಜಾಯಿಷಿಯ ಗುಣಮಟ್ಟ ಏರುತ್ತದೆ, ಅಷ್ಟೆ.

ಮೇಲೆ ಹೇಳಿದ ಅಧ್ಯಯನವನ್ನು ಆರಂಭಿಸಿದವರು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್. ಇದಕ್ಕೂ ಮೊದಲು ಅವರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು 1950ರಲ್ಲಿ ಪ್ರಕಟಿಸಿದ್ದರು. ಆ ಕೆಲಸಕ್ಕೆ ಕೈಹಾಕಿದಾಗ ಡಾಲ್ ಸ್ವತಃ ಧೂಮಪಾನಿ. ಅಂಕಿ-ಅಂಶಗಳು ಕೈಗೆ ಬಂದು ಸ್ಪಷ್ಟವಾಗುತ್ತಿದ್ದಂತೆ ಅವರು ಸಿಗರೇಟು ಬಿಟ್ಟರು. 2005ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ಅದೇ ಕಾಲದಲ್ಲಿ ಅದೇ ದೇಶದಲ್ಲಿ ಇನ್ನೊಬ್ಬ ಧೂಮಪಾನಿಯಿದ್ದರು. ಅವರು ಸರ್ ರೊನಾಲ್ಡ್ ಫಿಶರ್, ಆಧುನಿಕ ಸಂಖ್ಯಾಶಾಸ್ತ್ರದ ಪಿತಾಮಹರಲ್ಲಿ ಒಬ್ಬರು, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಹಲವು ಸಲ ಬಂದುಹೋದವರು. ಯಾವುದೇ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ವೈದ್ಯರು ಇಂದು ತೀರ್ಮಾನಿಸುವ ಲೆಕ್ಕಾಚಾರದಲ್ಲಿ ಬಹುಪಾಲು ಅವರ ಕೊಡುಗೆ. ಕೈಯಲ್ಲಿ ಸದಾ ಪೈಪು. ಡಾಲ್ ಮತ್ತು ಹಿಲ್ ಹೇಳಿದ್ದನ್ನು ಅವರು ಒಪ್ಪಲಿಲ್ಲ. ಧೂಮಪಾನ ಮಾಡುವ ಸ್ವಭಾವವೂ ಕ್ಯಾನ್ಸರ್ ಬರುವ ಸ್ವಭಾವವೂ ಒಂದೇ ವಂಶವಾಹಿಯಿಂದ ಬಂದಿರಬಹುದು ಎಂದರು. ಕ್ಯಾನ್ಸರಿನ ಆರಂಭದಲ್ಲಿ ಶ್ವಾಸಕೋಶದಲ್ಲಿ ಆಗುವ ಕಿರಿಕಿರಿಯೇ ಜನರನ್ನು ಸಿಗರೇಟಿನ ಕಡೆಗೆ ತಳ್ಳುತ್ತಿರಬಹುದು ಎಂದೂ ವಾದಿಸಿದರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರ ನಿಲುವು ಬದಲಾಗಲಿಲ್ಲ. ಅವರು ತಂಬಾಕು ಉದ್ಯಮದವರಿಗೆ ಸಲಹೆಗಾರರಾಗಿದ್ದರು ಎಂಬುದು ನಿಜ. ಆದರೆ ಹಣಕ್ಕಾಗಿಯೇ ಹಾಗೆ ಹೇಳಿದರು ಎಂದು ನನಗನ್ನಿಸುವುದಿಲ್ಲ. ಜಗಳಗಂಟ ಪಂಡಿತ, ಸಾರ್ವಜನಿಕವಾಗಿ ಒಂದು ಮಾತು ಹೇಳಿಬಿಟ್ಟಿದ್ದರು, ಬಾಯಲ್ಲಿ ಪೈಪು ಇತ್ತು. ಇಷ್ಟು ಸಾಕು. ಆಮೇಲಿನ ಕೆಲಸವನ್ನು ಅವರ ಅಸಾಧಾರಣ ಬುದ್ಧಿಯೇ ಮಾಡಿತು.

ದುಡ್ಡು ಕೊಟ್ಟ ಮೇಲೆ ಬರುವ ನಂಬಿಕೆ

1968ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯಕರ ಅಧ್ಯಯನವಿದೆ. ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬ ಇಬ್ಬರು ಕೆನಡಾದ ವ್ಯಾಂಕೂವರಿನ ಕುದುರೆ ರೇಸಿನಲ್ಲಿ ಜೂಜು ಕಟ್ಟುವವರನ್ನು ಮಾತನಾಡಿಸಿದರು. ಕೆಲವರನ್ನು ಕಿಟಕಿಯಲ್ಲಿ ಹಣ ಕಟ್ಟುವ ಮೊದಲು, ಕೆಲವರನ್ನು ಕಟ್ಟಿ ಈಚೆ ಬಂದ ಅರ್ಧ ನಿಮಿಷದೊಳಗೆ. ಪ್ರಶ್ನೆ ಒಂದೇ: ನಿಮ್ಮ ಕುದುರೆ ಗೆಲ್ಲುವ ಬಗ್ಗೆ ಎಷ್ಟು ನಂಬಿಕೆಯಿದೆ? ಏಳು ಅಂಕಗಳ ಅಳತೆಯಲ್ಲಿ ಹಣ ಕಟ್ಟದವರ ನಂಬಿಕೆ ಸರಾಸರಿ 3.48, ಕಟ್ಟಿದವರದು 4.81. ಆ ಅರ್ಧ ನಿಮಿಷದಲ್ಲಿ ಕುದುರೆಗೇನೂ ಆಗಿರಲಿಲ್ಲ. ಬೆಂಗಳೂರಿನ ರೇಸ್‌ಕೋರ್ಸಿಗೆ ಹೋಗಿಬಂದವರಿಗೆ ಇದು ಹೊಸ ಸುದ್ದಿಯೇನೂ ಅಲ್ಲ.

ವೈದ್ಯನಾಗಿ ನನಗೆ ಈ ಅಧ್ಯಯನ ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತೇವೆ ಎಂದು ಸಾವಿರಾರು ರೂಪಾಯಿಗೆ ಪುಡಿ ಮಾರುವವರು ಎಲ್ಲ ಊರಿನಲ್ಲೂ ಇದ್ದಾರೆ. ಕೊಳ್ಳುವ ಮೊದಲು ಮನುಷ್ಯನಿಗೆ ಸಾಕಷ್ಟು ಅನುಮಾನವಿರುತ್ತದೆ. ದುಡ್ಡು ಕೊಟ್ಟ ಮೇಲೆ ಅನುಮಾನ ಹೋಗುತ್ತದೆ, ಏಕೆಂದರೆ ಈಗ ಅನುಮಾನಪಟ್ಟರೆ ಪುಡಿಯ ಜೊತೆಗೆ ತನ್ನ ಜಾಣತನವನ್ನೂ ಅನುಮಾನಿಸಬೇಕಾಗುತ್ತದೆ. ಆಗ 'ಕಾಲು ಉರಿ ಸ್ವಲ್ಪ ಕಡಿಮೆಯಾದ ಹಾಗಿದೆ' ಎನ್ನಿಸತೊಡಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ತನ್ನ ಷಡ್ಡಕನಿಗೂ ಪಕ್ಕದ ಮನೆಯವರಿಗೂ ಅದನ್ನೇ ಕೊಡಿಸುತ್ತಾನೆ. ನಾಲ್ಕು ಜನ ಕೊಂಡರೆ ತಾನು ಕೊಂಡದ್ದು ಸರಿಯಾದ ಹಾಗಾಯಿತಲ್ಲ! ಈ ನಡುವೆ ಮಾಮೂಲು ಮಾತ್ರೆ ನಿಂತಿರುತ್ತದೆ. ಆರು ತಿಂಗಳ ನಂತರ ಮೂತ್ರಪಿಂಡ ಅಥವಾ ಕಣ್ಣಿನ ತೊಂದರೆಯೊಡನೆ ಬಂದಾಗಲೂ 'ಪುಡಿ ಒಳ್ಳೆಯದೇ ಇತ್ತು, ನಾನೇ ಸರಿಯಾಗಿ ಪಥ್ಯ ಮಾಡಲಿಲ್ಲ' ಎನ್ನುವವರುಂಟು. ಗಮನಿಸಿ, ಇಲ್ಲಿ ಮನುಷ್ಯ ತಪ್ಪನ್ನು ಒಪ್ಪಿಕೊಂಡ ಹಾಗೆ ಕಾಣುತ್ತದೆ. ಆದರೆ ಒಪ್ಪಿಕೊಂಡದ್ದು ಚಿಕ್ಕ ತಪ್ಪನ್ನು, ದೊಡ್ಡದನ್ನು ಮುಚ್ಚಲಿಕ್ಕಾಗಿ.

ಕಾಯಲಾರದ ಕಾಯಿಲೆಗಳು

ಹೋಳಿಗೆಯ ನೆಪದಿಂದ ಆಗುವ ಹಾನಿ ನಿಧಾನದ್ದು, ತಿದ್ದಿಕೊಳ್ಳಲು ಸಮಯ ಇರುತ್ತದೆ. ಸಮಯವೇ ಇಲ್ಲದ ಸಂದರ್ಭಗಳಲ್ಲಿ ಸಮಜಾಯಿಷಿ ಪ್ರಾಣ ತೆಗೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಎದೆಯ ನಡುವೆ ಯಾರೋ ಅದುಮಿ ಹಿಡಿದ ಹಾಗೆ ಆಗುತ್ತದೆ. ಮೈ ಬೆವರುತ್ತದೆ, ಎಡಗೈಗೋ ದವಡೆಗೋ ನೋವು ಹರಿಯುತ್ತದೆ. 'ಗ್ಯಾಸು' ಎಂದು ಮನುಷ್ಯ ತಾನೇ ತೀರ್ಮಾನಿಸುತ್ತಾನೆ. ಜೀರಿಗೆ ಕಷಾಯವೋ ಸೋಡಾವೋ ಕುಡಿದು ಕುಳಿತುಕೊಳ್ಳುತ್ತಾನೆ. ಮನೆಯವರು ಆಸ್ಪತ್ರೆಗೆ ಹೋಗೋಣವೆಂದರೆ 'ಈ ರಾತ್ರಿಯಲ್ಲಿ ಎಲ್ಲರಿಗೂ ಯಾಕೆ ತೊಂದರೆ, ಬೆಳಿಗ್ಗೆ ನೋಡೋಣ' ಎನ್ನುತ್ತಾನೆ. ಕೇಳಲು ಎಷ್ಟು ಸಜ್ಜನಿಕೆಯ ಮಾತು! ಇಪ್ಪತ್ತು ವರ್ಷ ಸಂಸಾರವನ್ನು ಹೊತ್ತವನಿಗೆ ತಾನೀಗ ಹೊರೆಯಾಗಿದ್ದೇನೆ ಎಂದು ಒಪ್ಪಿಕೊಳ್ಳುವುದು ಎದೆನೋವಿಗಿಂತ ದೊಡ್ಡ ನೋವು. ಆದರೆ ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡ ಗಳಿಗೆಯಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಾಗಲಿ, ಆಂಜಿಯೋಪ್ಲಾಸ್ಟಿಯಾಗಲಿ ಮೊದಲ ಕೆಲವು ಗಂಟೆಗಳಲ್ಲಿ ಕೊಡುವ ಲಾಭವನ್ನು ಬೆಳಗಾದ ಮೇಲೆ ಕೊಡಲಾರವು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಇರದೆ ಬರೀ ಉಸಿರುಕಟ್ಟುವಿಕೆ, ಸುಸ್ತು, ವಾಕರಿಕೆಯೂ ಇರಬಹುದು. ಇಂಥ ಹೊತ್ತಿನಲ್ಲಿ ಮನೆಯವರು ವಾದಕ್ಕೆ ನಿಲ್ಲಬಾರದು. 'ಗ್ಯಾಸೇ ಇರಬಹುದು, ಇಸಿಜಿ ಒಂದು ಮಾಡಿಸಿಕೊಂಡು ಬಂದುಬಿಡೋಣ' ಎಂದು 108ಕ್ಕೆ ಕರೆ ಮಾಡಿಬಿಡಬೇಕು. ಅವರ ಮಾತೂ ಉಳಿಯಿತು, ಪ್ರಾಣವೂ ಉಳಿಯಬಹುದು.

ಹೆಂಗಸರ ಸಮಜಾಯಿಷಿ ಇನ್ನೂ ಮೌನವಾದದ್ದು. ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿರುತ್ತದೆ. ನೋವಿಲ್ಲ. 'ಮಗಳ ಮದುವೆ ಮುಗಿಯಲಿ' ಎಂದುಕೊಳ್ಳುತ್ತಾರೆ. ಮದುವೆಯಾದ ಮೇಲೆ ಬಾಣಂತನ. ತನ್ನ ಬಗ್ಗೆ ಯೋಚಿಸುವುದೇ ಸ್ವಾರ್ಥವೆಂದು ನಂಬಿ ಬೆಳೆದವರಿಗೆ ಈ ತ್ಯಾಗದ ಮಾತು ಭಯವನ್ನು ಮುಚ್ಚಲು ಒಳ್ಳೆಯ ಹೊದಿಕೆ. ನೋವಿಲ್ಲದ ಗಂಟನ್ನೇ ಬೇಗ ತೋರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳುತ್ತೇನೆ.

ವೈದ್ಯರು ಈ ವಿಷಯದಲ್ಲಿ ಬೇರೆಯವರಿಗಿಂತ ಮೇಲೆಂದು ಭಾವಿಸಬೇಡಿ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುವ ವೈದ್ಯರು ಮತ್ತು ವಿದ್ಯಾರ್ಥಿಗಳು. ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದದ್ದು ವೈದ್ಯರ ವಿಭಾಗದಲ್ಲಿ. 1847ರ ಏಪ್ರಿಲ್‌ನಲ್ಲಿ ಅಲ್ಲಿನ ಸಾವು ಶೇಕಡಾ 18ನ್ನು ದಾಟಿತ್ತು. ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ ಮೇಲೆ ಅದು ಶೇಕಡಾ 2ರ ಸುಮಾರಿಗೆ ಇಳಿಯಿತು. ಇಷ್ಟು ಕಣ್ಣಿಗೆ ಕಾಣುವ ಫಲವನ್ನು ಅಂದಿನ ಹಿರಿಯ ವೈದ್ಯರಲ್ಲಿ ಬಹುಪಾಲು ಮಂದಿ ಒಪ್ಪಲಿಲ್ಲ. ಕೆಟ್ಟ ಗಾಳಿ, ಋತುಮಾನ ಎಂದು ಬೇರೆ ಬೇರೆ ಕಾರಣಗಳನ್ನು ಹೇಳಿದರು. ರೋಗಾಣುಗಳ ವಿಷಯ ಆಗಿನ್ನೂ ತಿಳಿದಿರಲಿಲ್ಲ ಎಂಬುದೂ ಒಂದು ಕಾರಣ. ಆದರೆ ಕೈ ತೊಳೆಯುವುದನ್ನು ಒಪ್ಪಿದರೆ, ಅಲ್ಲಿಯವರೆಗೆ ಸತ್ತವರು ತಮ್ಮ ಕೈಯಿಂದಲೇ ಸತ್ತರು ಎಂದೂ ಒಪ್ಪಬೇಕಿತ್ತು. ಜೀವ ಉಳಿಸುವವನು ಎಂದು ತನ್ನನ್ನು ತಾನು ತಿಳಿದುಕೊಂಡವನಿಗೆ ಅದು ಸುಲಭದ ಮಾತಲ್ಲ.

ಒಪ್ಪಿದವರೊಬ್ಬರಿದ್ದರು. ಜರ್ಮನಿಯ ಕೀಲ್ ನಗರದ ಮಿಖಾಯೆಲಿಸ್ ಎಂಬ ಹೆಸರಾಂತ ಪ್ರಸೂತಿ ವೈದ್ಯ. ಅವರು ಹೆರಿಗೆ ಮಾಡಿಸಿದ್ದ ಸ್ವಂತ ಸೋದರಸಂಬಂಧಿಯೇ ಬಾಣಂತಿ ಜ್ವರದಿಂದ ತೀರಿಕೊಂಡಿದ್ದಳು. ಹೊಸ ವಿಧಾನದ ಫಲ ಕಂಡ ಮೇಲೆ ಅವರಿಗೆ ಯಾವ ಸಮಾಧಾನವನ್ನೂ ಹೇಳಿಕೊಳ್ಳಲು ಆಗಲಿಲ್ಲ. 1848ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. ಸಮಜಾಯಿಷಿ ಎಂಬುದು ಮನಸ್ಸಿಗೆ ನೋವುನಿವಾರಕ ಮಾತ್ರೆಯ ಹಾಗೆ. ರೋಗವನ್ನು ಮರೆಸುತ್ತದೆ ಎಂಬುದು ನಿಜವಾದರೂ ಅದು ಸ್ವಲ್ಪವೂ ಇಲ್ಲದಿದ್ದರೆ ಮನುಷ್ಯ ದಿನ ದೂಡುವುದು ಕಷ್ಟ. ಖಿನ್ನತೆ ಎಂಬ ಕಾಯಿಲೆಯಲ್ಲಿ ಹೀಗೇ ಆಗುತ್ತದೆ. ಮಗ ಪರೀಕ್ಷೆಯಲ್ಲಿ ಫೇಲಾದದ್ದು, ಅತ್ತೆಗೆ ಪಾರ್ಶ್ವವಾಯು ಬಡಿದದ್ದು, ಮಳೆ ಬಾರದೆ ಬೆಳೆ ಒಣಗಿದ್ದು, ಎಲ್ಲಕ್ಕೂ ತಾನೇ ಕಾರಣ ಎಂದು ಕೊರಗುವವರು ನಿಮ್ಮ ಮನೆಯಲ್ಲಿದ್ದರೆ ಅದನ್ನು ವಿನಯವೆಂದು ತಿಳಿದು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನೆಪ ಯಾವುದು, ಕಾರಣ ಯಾವುದು?

ಇಷ್ಟು ಓದಿದ ಮೇಲೆ ಮನೆಯವರ ಮಾತುಗಳನ್ನೆಲ್ಲ ನೆಪವೆಂದು ತಳ್ಳಿಹಾಕುವ ಅಪಾಯವೂ ಇದೆ. ಹಾಗೆ ಮಾಡಬಾರದು. ದೀರ್ಘಕಾಲದ ಕಾಯಿಲೆಗಳಿಗೆ ಔಷಧವನ್ನು ಹೇಳಿದ ಹಾಗೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೇ ಸರಾಸರಿ ಅರ್ಧದಷ್ಟು ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿತ್ತು. ಉಳಿದರ್ಧ ಮಂದಿಯೆಲ್ಲ ತಮ್ಮನ್ನು ತಾವು ವಂಚಿಸಿಕೊಳ್ಳುವವರಲ್ಲ. ಮಾತ್ರೆ ದುಬಾರಿ, ತಾಲೂಕು ಆಸ್ಪತ್ರೆಗೆ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಮನೆಮಂದಿಗೆಲ್ಲ ಒಂದೇ ಅಡುಗೆ. ಇವೆಲ್ಲ ನಿಜವಾದ ಕಾರಣಗಳು. ಕೆಲವು ಸಲ ನೆಪದ ಹಿಂದೆ ಹೇಳಲು ನಾಚಿಕೆಯಾಗುವ ಕಾರಣ ಅಡಗಿರುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಒಣಕೆಮ್ಮು ಬರುವುದುಂಟು. ಕೆಲವರಿಂದ ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆಯಾಗುವುದೂ ಉಂಟು. ಇದನ್ನು ಹೇಳಲಾರದೆ 'ಮರೆತುಹೋಯಿತು' ಎನ್ನುತ್ತಾರೆ. ಮಾತ್ರೆ ಬದಲಿಸಿದರೆ ಮರೆವೂ ಹೋಗುತ್ತದೆ!

ಎರಡನ್ನೂ ಬೇರ್ಪಡಿಸಲು ಒಂದು ಉಪಾಯವಿದೆ. ಹೇಳಿದ ಅಡಚಣೆಯನ್ನು ತೆಗೆದುಹಾಕಿ ನೋಡಿ. 'ಬೆಳಿಗ್ಗೆ ಚಳಿ, ವಾಕಿಂಗ್ ಆಗುವುದಿಲ್ಲ' ಎನ್ನುವವರಿಗೆ 'ಸಂಜೆ ಹೋಗಿ' ಎನ್ನಿ. ಸಂಜೆ ಹೋದರೆ ಅದು ಕಾರಣ. 'ಸಂಜೆ ನಾಯಿಗಳ ಕಾಟ' ಎಂದರೆ, ನಾಯಿಗಳಿಲ್ಲದ ಬೀದಿ ಹುಡುಕಿಕೊಟ್ಟ ಮೇಲೆ 'ಮೊಣಕಾಲು ನೋವು' ಎಂದರೆ, ಅದು ನೆಪ. ನೆಪವನ್ನು ಕಿತ್ತಷ್ಟೂ ಚಿಗುರುತ್ತದೆ. (ಮೊಣಕಾಲನ್ನು ಮಾತ್ರ ಒಮ್ಮೆ ಪರೀಕ್ಷಿಸಿಯೇ ತೀರ್ಮಾನಿಸುವುದು ಒಳ್ಳೆಯದು. ನಿಜವಾಗಿಯೂ ಸವೆದಿರಬಹುದು.)

ನೆಪವೆಂದು ಖಚಿತವಾದ ಮೇಲೆ ಏನು ಮಾಡಬೇಕು? ಸಾಮಾನ್ಯವಾಗಿ ನಾವೆಲ್ಲ ಮಾಡುವುದು ಬೈಯುವುದು. ಚಿಕಿತ್ಸಾಲಯದಲ್ಲಿ ಹೆಂಡತಿ ಶುರುಮಾಡುತ್ತಾರೆ: 'ನೀವೇ ಹೇಳಿ ಡಾಕ್ಟ್ರೇ, ರಾತ್ರಿ ಎದ್ದು ಡಬ್ಬಿ ತೆಗೆದು ಮೈಸೂರುಪಾಕು ತಿಂತಾರೆ.' ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಯಜಮಾನರು ತಟ್ಟನೆ ತಮ್ಮ ಪರ ವಕೀಲರಾಗುತ್ತಾರೆ. 'ಒಂದೇ ಒಂದು ತುಂಡು. ಅದೂ ಮನೆಯಲ್ಲಿ ಮಾಡಿದ್ದು, ಅಂಗಡಿಯದಲ್ಲ. ಡಬ್ಬಿ ತುಂಬಾ ಮಾಡಿಟ್ಟಿದ್ದು ಯಾರು?' ವೈದ್ಯರೂ ಹೆಂಡತಿಯ ಪಕ್ಷ ಸೇರಿದರೆ ಮುಗಿಯಿತು, ಅವರು ಇನ್ನೂ ನಾಲ್ಕು ಕಾರಣ ಹುಡುಕುತ್ತಾರೆ. ಪ್ರತಿಯೊಂದು ಕಾರಣವನ್ನೂ ತಮ್ಮ ಬಾಯಿಂದ ಹೇಳಿ, ತಮ್ಮ ಕಿವಿಯಿಂದ ಕೇಳಿ, ಮೊದಲಿಗಿಂತ ಗಟ್ಟಿಯಾಗಿ ನಂಬುತ್ತಾರೆ. ನಮ್ಮ ವೃತ್ತಿಯವರಿಗೆ ಬೈಗುಳದ ಮೇಲೆ ಇರುವ ನಂಬಿಕೆ ನನಗೆ ಎಂದೂ ಅರ್ಥವಾಗಿಲ್ಲ.

ತನ್ನ ಬಾಯಿಂದ ತಾನೇ ಹೇಳಿದ್ದನ್ನು ಮನುಷ್ಯ ನಂಬುತ್ತಾನೆ ಎಂಬ ಈ ಗುಣವನ್ನೇ ಒಳ್ಳೆಯದಕ್ಕೆ ಬಳಸಿಕೊಳ್ಳಬಹುದು ಎಂದು ತೋರಿಸಿದವರು ಅಮೆರಿಕದ ವಿಲಿಯಂ ಮಿಲ್ಲರ್. ಕುಡಿತದ ಚಟವುಳ್ಳವರ ನಡುವೆ ಕೆಲಸ ಮಾಡುತ್ತಿದ್ದ ಅವರು, ರೋಗಿಯನ್ನು ಎದುರುಹಾಕಿಕೊಳ್ಳುವ ಬದಲು ಅವನಿಂದಲೇ ಬದಲಾವಣೆಯ ಮಾತು ಹೊರಡಿಸುವ ವಿಧಾನವನ್ನು 1983ರಲ್ಲಿ ಮುಂದಿಟ್ಟರು. 'ಯಾಕೆ ಕುಡಿಯುತ್ತೀಯ?' ಎಂದು ಕೇಳಿದರೆ ಸಿಗುವುದು ಕುಡಿಯಲು ಕಾರಣಗಳು. 'ಕುಡಿಯದಿದ್ದ ದಿನ ಏನು ಚೆನ್ನಾಗಿತ್ತು?' ಎಂದು ಕೇಳಿದರೆ ಸಿಗುವುದು ಬಿಡಲು ಕಾರಣಗಳು. ಪ್ರಶ್ನೆ ಬದಲಾದರೆ ಅದೇ ಮನಸ್ಸು ಇನ್ನೊಂದು ಪಕ್ಷಕ್ಕೆ ವಕಾಲತ್ತು ಹಾಕುತ್ತದೆ. ಕುಡಿತ ವಿಪರೀತವಾಗಿರುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದಾದ್ದರಿಂದ, ಬಿಡುವ ಮಾತು ಬಂದ ಕೂಡಲೇ ವೈದ್ಯರ ನೆರವು ಪಡೆಯಬೇಕು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ.

ಇನ್ನೊಂದು ದಾರಿ, ಮೀಸೆಗೆ ಮಣ್ಣಾಗದಂತೆ ಮೊದಲೇ ನೋಡಿಕೊಳ್ಳುವುದು. ಯಾವುದಾದರೂ ಒಂದು ಕಡೆ ತನ್ನ ಬೆಲೆ ಭದ್ರವಾಗಿದೆ ಎಂದು ಅನ್ನಿಸಿದವನು ಇನ್ನೊಂದು ಕಡೆಯ ತಪ್ಪನ್ನು ಅಷ್ಟು ಗಾಬರಿಯಿಲ್ಲದೆ ಕೇಳಿಸಿಕೊಳ್ಳುತ್ತಾನೆ ಎಂದು ಕ್ಲಾಡ್ ಸ್ಟೀಲ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ವಿವರಿಸಿದರು. ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. 'ಅಪ್ಪಾ, ನಮ್ಮನ್ನೆಲ್ಲ ಓದಿಸಿ ದಡ ಸೇರಿಸಿದಿರಿ. ಆ ಶಿಸ್ತು ನಮಗ್ಯಾರಿಗೂ ಬರಲಿಲ್ಲ. ಈ ಮಾತ್ರೆ ವಿಷಯದಲ್ಲಿ ಏನು ಅಡ್ಡಿಯಾಗುತ್ತಿದೆ?' ಎಂದು ಮಗಳು ಒಬ್ಬಳೇ ಇರುವಾಗ ಕೇಳಿದರೆ ಬರುವ ಉತ್ತರ, ಊಟಕ್ಕೆ ಕುಳಿತಾಗ ಸೊಸೆ-ಮೊಮ್ಮಕ್ಕಳ ಎದುರು ಕೇಳಿದರೆ ಬರುವುದಿಲ್ಲ. ಹಳೆಯ ತಪ್ಪಿನ ಪಟ್ಟಿಯನ್ನು ಅಂದು ಬಿಚ್ಚಬಾರದು. 'ನಾನು ಆಗಲೇ ಹೇಳಿದ್ದೆ' ಎಂಬ ಮಾತನ್ನಂತೂ ಮನೆಯಿಂದಲೇ ಹೊರಗೆ ಹಾಕಬೇಕು. ಅದನ್ನು ಕೇಳಬೇಕಾಗುತ್ತದೆಂಬ ಭಯಕ್ಕೇ ಎಷ್ಟೋ ಜನ ತಮ್ಮ ತಪ್ಪಿಗೆ ಅಂಟಿಕೊಂಡಿರುತ್ತಾರೆ.

ಕೇಳುವ ರೀತಿಯಲ್ಲೂ ವ್ಯತ್ಯಾಸ ಮಾಡಬಹುದು. 'ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ದಿನಾ ಮಾತ್ರೆ ನೆನಪಿಟ್ಟುಕೊಳ್ಳುವುದು ಎಲ್ಲರಿಗೂ ಕಷ್ಟವೇ. ಹೋದ ವಾರ ಎಷ್ಟು ಸಲ ತಪ್ಪಿರಬಹುದು?' ಎಂದರೆ 'ಮೂರು' ಎಂಬ ಉತ್ತರ ಆರಾಮವಾಗಿ ಬರುತ್ತದೆ. ವೈದ್ಯರು ಹೀಗೆ ಕೇಳದಿದ್ದರೆ ನೀವೇ ಹೇಳಿಬಿಡಿ. ಮಾತ್ರೆ ತಪ್ಪಿದ್ದು ತಿಳಿಯದೆ, ಇದ್ದ ಮಾತ್ರೆ ಸಾಲದೆಂದು ಭಾವಿಸಿ ವೈದ್ಯರು ಡೋಸು ಹೆಚ್ಚಿಸಿಬಿಡಬಹುದು. ಆಮೇಲೆ ಒಂದು ವಾರ ಎಲ್ಲವನ್ನೂ ಸರಿಯಾಗಿ ನುಂಗಿದಾಗ ಸಕ್ಕರೆಯೋ ರಕ್ತದೊತ್ತಡವೋ ಒಮ್ಮೆಲೇ ಕುಸಿದು ತಲೆ ತಿರುಗಿ ಬೀಳಬಹುದು. ಬಾಯಲ್ಲಿ ಹೇಳಲು ಸಂಕೋಚವಾದರೆ ಮುಂದಿನ ಸಲ ಹೋಗುವಾಗ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ, ಖಾಲಿಯಾದದ್ದು ಮತ್ತು ಉಳಿದದ್ದು, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಎಣಿಸುವ ಕೆಲಸ ವೈದ್ಯರದು.